ದೊಡ್ಡವ್ವನ ಕಾಲು ತೊಳೆದ ದಿನ

ದೊಡ್ಡವ್ವನ ಬಲಗಾಲನ್ನು ನಾನು ಪೂರ್ತಿ ನೋಡಿದ್ದು ನನ್ನ ಮೂವತ್ತೆಂಟನೇ ವಯಸ್ಸಿನಲ್ಲಿ. ಬೆಳೆದದ್ದೆಲ್ಲ ಅವಳ ಕೈಯಲ್ಲೇ. ಅವ್ವ ಕೂಲಿಗೆ ಹೋದರೆ ತಲೆ ಬಾಚಿ ರೊಟ್ಟಿ ಕಟ್ಟಿ ಶಾಲೆಗೆ ಕಳಿಸುತ್ತಿದ್ದವಳು ಅವಳು. ಆದರೆ ಆ ಕಾಲಿಗೆ ಯಾವಾಗಲೂ ಹಳೇ ಸೀರೆಯ ಪಟ್ಟಿ ಸುತ್ತಿರುತ್ತಿತ್ತು. ಅದರ ಮೇಲೆ ನೆಲಕ್ಕೆ ತಾಗುವಂತೆ ನಿರಿಗೆ. ನಮ್ಮ ಕಡೆ ಅದಕ್ಕೆ ಆನಿಕಾಲು ಅಂತಾರೆ.

ಶಹಾಪುರ ತಾಲ್ಲೂಕಿನ ನಮ್ಮೂರಲ್ಲಿ ಮಳೆ ಹಿಡಿಯಿತೆಂದರೆ ಅವಳಿಗೆ ಚಳಿಜ್ವರ ಬಂತೆಂದೇ ಲೆಕ್ಕ. ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿ, ಕಾಲು ಕೆಂಪಗಾಗಿ ಕಾದ ಹಂಚಿನಂತೆ ಸುಡುತ್ತಿತ್ತು. ಎಂಟು ದಿನ ಹೊರಸು ಬಿಟ್ಟು ಏಳುತ್ತಿರಲಿಲ್ಲ, ಕಳೆ ತೆಗೆಯುವ ಕೂಲಿಯೂ ಹೋಗುತ್ತಿತ್ತು. ಒಂದೊಂದು ಜ್ವರ ಇಳಿದಾಗಲೂ ಕಾಲು ಮೊದಲಿಗಿಂತ ದಪ್ಪ. ಡಾಕ್ಟರೊಬ್ಬರು "ಇದಕ್ಕ ಏನೂ ಮಾಡ್ಲಿಕ್ಕಿ ಬರಂಗಿಲ್ಲ" ಎಂದು ಕಳಿಸಿದ್ದರು. ಊರಿನ ಹಿರಿಯರು "ನೀರು ತಾಗಿಸಬ್ಯಾಡ, ಬಾವು ಏರ್ತದ" ಎಂದಿದ್ದರು. ಈ ಎರಡನೇ ಮಾತನ್ನು ಅವಳು ಹದಿನೈದು ವರ್ಷ ವ್ರತದಂತೆ ನಡೆಸಿದಳು. ಮೈಗೆ ಸ್ನಾನ, ಆ ಕಾಲಿಗೆ ಮಾತ್ರ ಇಲ್ಲ.

ಕೆಲವು ವರ್ಷದ ಹಿಂದೆ, ಫೆಬ್ರವರಿಯ ಒಂದು ಬುಧವಾರ, ಅಂಗನವಾಡಿಯ ಅಂಗಳದಲ್ಲಿ ಆರೋಗ್ಯ ಸಿಬ್ಬಂದಿ ಬಂದು ಆನೆಕಾಲು ರೋಗದ ಬಗ್ಗೆ ತಿಳಿಸಿಕೊಡುವವರಿದ್ದರು. ಆಶಾ ಅಕ್ಕ ನನಗೂ ಫೋನ್ ಮಾಡಿದ್ದಳು. ಯಾದಗಿರಿಯಿಂದ ರಜೆ ಹಾಕಿ ಹೋದೆ.

"ಮಂದಿ ಮುಂದ ಕಾಲು ಬಿಚ್ಚಿ ತೋರಿಸ್ಲಿ ಏನು? ನಾ ಒಲ್ಲೆ ಯವ್ವಾ," ಎಂದು ದೊಡ್ಡವ್ವ ಗೋಡೆಗೆ ಮುಖ ಮಾಡಿದಳು. ಕೊನೆಗೆ ನಾನೇ ಕೈ ಹಿಡಿದು ಕರೆದೊಯ್ದೆ. ಅಲ್ಲಿ ಆರೇಳು ಮಂದಿ ಆಗಲೇ ಕೂತಿದ್ದರು, ಎಲ್ಲರೂ ಒಂದೊಂದು ಕಾಲು ಮುಚ್ಚಿಕೊಂಡು. ಅವರನ್ನು ನೋಡಿ ಅವಳ ಕೈ ಸ್ವಲ್ಪ ಸಡಿಲಾಯಿತು.

ಮೊದಲಿಗೆ ಚಿತ್ರಪಟ ತೋರಿಸಿ ಭಾಷಣ. ಸೊಳ್ಳೆಯ ಚಿತ್ರ ಪಂಚಾಯಿತಿ ಗೋಡೆಯ ಮೇಲೂ ಇದೆ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಒಬ್ಬಾತ ಮಾತ್ರ ಎದ್ದು, ಕಾಲುವೆ ನೀರು ಬಂದು ಭತ್ತ ಹಚ್ಚಿದ ಮೇಲೇ ಇದೆಲ್ಲ ಶುರುವಾಯಿತು ಎಂದ. ಆಗ ಸಿಸ್ಟರ್ ಎದ್ದು ನಿಂತರು. "ಭತ್ತದ ಗದ್ಯಾಗ ಹುಟ್ಟೋ ಸೊಳ್ಳಿ ಬ್ಯಾರೆ ಅದಾವ್ರಿ. ಆನಿಕಾಲಿನ ಹುಳ ತರೋ ಕ್ಯೂಲೆಕ್ಸ್ ಸೊಳ್ಳಿ ಹುಟ್ಟೋದು ಹೊಲಸು ನೀರಾಗ. ನಿಮ್ಮ ಬಚ್ಚಲ ಗುಂಡಿ ನೋಡ್ಕೋರಿ ಮೊದಲ." ಅಂಗಳ ಒಮ್ಮೆಲೇ ಗಪ್ಪಾಯಿತು. ನಮ್ಮೂರಲ್ಲಿ ಬಚ್ಚಲ ನೀರು ಓಣಿಗೆ ಹರಿಯದ ಮನೆ ಆಗ ಇರಲಿಲ್ಲ.

ಆಮೇಲೆ ಅವರು ಮಾಡಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಪ್ಲಾಸ್ಟಿಕ್ ಟಬ್ಬು, ಮಗ್ಗು, ಸಾಬೂನು, ಟವೆಲ್ಲು ತಂದಿಟ್ಟುಕೊಂಡು ನೆಲಕ್ಕೇ ಕೂತರು. "ಆಯೀ, ಕಾಲು ಈಕಡಿ ನೀಡ್ರಿ" ಎಂದು ದೊಡ್ಡವ್ವನ ಪಟ್ಟಿಯನ್ನು ತಾವೇ ಬಿಚ್ಚಿದರು. ವಾಸನೆ ಬಂತು. ಸಿಸ್ಟರ್ ಮುಖ ತಿರುಗಿಸಲಿಲ್ಲ. ತಣ್ಣೀರನ್ನೇ ಮೊಣಕಾಲಿನಿಂದ ಕೆಳಕ್ಕೆ ಹಾಕಿದರು. ಸಾಬೂನನ್ನು ಕಾಲಿಗೆ ತಿಕ್ಕದೆ, ತಮ್ಮ ಅಂಗೈಯಲ್ಲಿ ನೊರೆ ಮಾಡಿ ಆ ನೊರೆಯಿಂದಲೇ ಮೆಲ್ಲಗೆ ತೊಳೆದರು. ಚರ್ಮದ ಒಂದೊಂದು ಮಡಿಕೆ, ಒಂದೊಂದು ಬೆರಳ ಸಂದಿ. ನೀರು ಕಪ್ಪಗಾಯಿತು. ನಾಲ್ಕು ಸಲ ಚೆಲ್ಲಿ ಹೊಸ ನೀರು ಹಾಕಿದ ಮೇಲೆ ತಿಳಿಯಾಯಿತು. ಟವೆಲ್ಲನ್ನು ಉಜ್ಜದೆ ಬರೀ ಒತ್ತಿ ಒತ್ತಿ ಒರೆಸಿ, ಕಿರುಬೆರಳ ಸಂದಿ ಬಿಡಿಸಿ ನನಗೆ ತೋರಿಸಿದರು. ಒಳಗೆ ಬೆಳ್ಳಗೆ ನೆನೆದು ಬಿರುಕು ಬಿಟ್ಟಿತ್ತು.

"ನಿಮ್ಮ ಚಳಿಜ್ವರ ಒಳಗ ಹೋಗೋ ಬಾಗಿಲು ಇದ ನೋಡ್ರಿ."

ಹುಳಗಳು ಮೈಯೊಳಗಿನ ಹೆಚ್ಚಿನ ನೀರು ಸಾಗಿಸುವ ದುಗ್ಧನಾಳದಲ್ಲಿ ಕೂತು ಅದನ್ನು ಕೆಡಿಸುತ್ತವೆ, ಅದಕ್ಕೆ ಬಾವು. ಹಾಗೆ ಕೆಟ್ಟ ಕಾಲಿಗೆ ಸಾಮಾನ್ಯ ರೋಗಾಣುವನ್ನು ತಡೆಯುವ ಶಕ್ತಿಯೂ ಇರುವುದಿಲ್ಲ. ಬೆರಳ ಸಂದಿಯ ಬಿರುಕಿನಿಂದ ಅವು ನುಗ್ಗಿದಾಗ ಜ್ವರ, ಜ್ವರದಿಂದ ಮತ್ತಷ್ಟು ಬಾವು. ದಿನಾ ತೊಳೆದು ಒಣಗಿಸಿ, ಸಂದಿಗೆ ಮುಲಾಮು ಹಚ್ಚಿದರೆ ಈ ಬಾಗಿಲು ಮುಚ್ಚುತ್ತದೆ. ದೇಶದಲ್ಲಿ ಫೈಲೇರಿಯಾ, ಅಂದರೆ ಈ ಆನೆಕಾಲು ರೋಗದ ನಿಯಂತ್ರಣದ ಕೆಲಸ ಶುರುವಾದದ್ದು 1955ರಲ್ಲಿ. ದೊಡ್ಡವ್ವನದೂ ಹೆಚ್ಚುಕಡಿಮೆ ಅದೇ ವಯಸ್ಸು. ತೊಳೆದುಕೋ ಎಂಬ ಇಷ್ಟು ಸಣ್ಣ ಮಾತು ಅಲ್ಲಿತನಕ ಅವಳ ಕಿವಿಗೆ ಬಿದ್ದಿರಲಿಲ್ಲ.

ದೊಡ್ಡವ್ವ ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದಳು: "ನಾ ಮುಟ್ಟಿದ್ರ ಕೂಸಿಗಿ ತಾಗ್ತದೇನ್ರಿ?"

ನನ್ನ ಮಗ ಹುಟ್ಟಿದಾಗ ಅವಳು ತೊಟ್ಟಿಲ ಹತ್ತಿರ ಬಂದಿರಲಿಲ್ಲ. ಮದುವೆ ಮನೆಗಳಲ್ಲಿ ಅವಳ ಲೋಟ ಬೇರೆ ಇಡುತ್ತಿದ್ದರು. ನಾವು ಯಾರೂ ಬೇಡ ಅಂದಿರಲಿಲ್ಲ.

"ಮುಟ್ಟಿದ್ರ ಬರೋ ರೋಗ ಅಲ್ರಿ ಇದು," ಎಂದರು ಸಿಸ್ಟರ್. "ಕಾಲು ಬಾತವರ ರಕ್ತದಾಗ ಬಹಳ ಸಲ ಮರಿಹುಳ ಸಿಗೋದೇ ಇಲ್ಲ. ನಾ ಚಲೋ ಇದ್ದೀನಿ ಅಂತ ತಿರುಗಾಡೋರ ರಕ್ತದಾಗ ಇರ್ತಾವ. ರಾತ್ರಿ ಹೊತ್ತು ಮ್ಯಾಲ ಬರ್ತಾವ, ಅದಕ್ಕ ನಾವು ರಾತ್ರಿ ಬಂದು ರಕ್ತ ತಗೋತೀವಿ. ಸೊಳ್ಳಿ ಅಂಥವರನ್ನ ಕಡಿದು ಇನ್ನೊಬ್ಬರಿಗಿ ಒಯ್ತದ. ಮನಿಮನಿಗಿ ಕೊಡೋ ಹುಳದ ಗುಳಿಗಿ ಎಲ್ಲರೂ ನುಂಗ್ರಿ ಅನ್ನೋದು ಇದಕ್ಕ."

ನಾನು ತಲೆ ತಗ್ಗಿಸಿದೆ. ಯಾದಗಿರಿಯಲ್ಲಿ ನಮ್ಮ ಮನೆಗೂ ಗುಳಿಗೆ ಬರುತ್ತಿದ್ದವು. ಊಟ ಆದ ಮೇಲೆ ನುಂಗ್ತೀನಿ ಎಂದು ಇಸಿದುಕೊಂಡು ಫ್ರಿಜ್ಜಿನ ಮೇಲೆ ಇಟ್ಟುಬಿಡುತ್ತಿದ್ದೆ. ನುಂಗಿದವರಿಗೆ ಜ್ವರ, ತಲೆಸುತ್ತು ಬಂತಂತೆ ಎಂಬ ಭಯ. ಮೈಯಲ್ಲಿ ಮರಿಹುಳ ಇದ್ದವರಿಗೆ ಅವು ಸಾಯುವಾಗ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂಬುದನ್ನೂ ಅವತ್ತೇ ತಿಳಿದೆ. ದೊಡ್ಡವ್ವನ ಲೋಟ ಬೇರೆ ಇಟ್ಟವರಲ್ಲಿ ಸೊಳ್ಳೆಗೆ ಹುಳ ಕೊಟ್ಟವರು ಯಾರಿದ್ದರೋ. ನಾನೇ ಇರಬಹುದಿತ್ತು.

ಯಾದಗಿರಿಗೆ ಡಿಇಸಿ, ಅಲ್ಬೆಂಡಜೋಲ್ ಜೊತೆ ಐವರ್ಮೆಕ್ಟಿನ್ ಸೇರಿ ಮೂರು ಔಷಧ ಬಂದಾಗ ನಾವೆಲ್ಲ ಉಂಡು ಕಾದು ಕೂತಿದ್ದೆವು. ಐವರ್ಮೆಕ್ಟಿನ್ ಕೊಡುವುದು ಎತ್ತರ ನೋಡಿ. ಮಗ ಅಳತೆಕೋಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ. ಆಶಾ ಅಕ್ಕನ ಕಣ್ಣೆದುರೇ ನುಂಗಿದೆವು.

ದೊಡ್ಡವ್ವನ ಕಾಲು ಸಣ್ಣಗಾಗಲಿಲ್ಲ. ಅಷ್ಟು ಹಳೆಯ ಬಾವು ಪೂರ್ತಿ ಇಳಿಯುವುದಿಲ್ಲವೆಂದು ಸಿಸ್ಟರ್ ಅವತ್ತೇ ಹೇಳಿದ್ದರು. ಆದರೆ ಆ ಮಳೆಗಾಲ ಜ್ವರ ಬಂದದ್ದು ಒಂದೇ ಸಲ, ಮುಂದಿನ ವರ್ಷ ಬರಲೇ ಇಲ್ಲ. ಹೊರಸಿನ ಕಾಲ್ದೆಸೆಗೆ ಎರಡು ಇಟ್ಟಿಗೆ ಇಟ್ಟು ಮಲಗುತ್ತಾಳೆ. ಬರಿಗಾಲಲ್ಲಿ ಹೊಲಕ್ಕೆ ಹೋಗುವುದಿಲ್ಲ. ಸೀರೆಯ ಪಟ್ಟಿ ಬಿಟ್ಟಿದ್ದಾಳೆ.

ಹೋದ ಪಂಚಮಿಗೆ ಊರಿಗೆ ಹೋದಾಗ ಅಂಗಳದಲ್ಲಿ ಟಬ್ಬು ಇತ್ತು. ಅದರಲ್ಲಿ ಕಾಲಿಟ್ಟು ಕೂತವಳು ಪಕ್ಕದ ಮನೆಯ ಹೆಂಗಸು. ಆಗತಾನೇ ಬಾವು ಶುರುವಾದ ಎಡಗಾಲು. ಎದುರಿಗೆ ದೊಡ್ಡವ್ವ ನೆಲದ ಮೇಲೆ ಕೂತು ಗದರುತ್ತಿದ್ದಳು: "ಸಾಬೂನು ಕಾಲಿಗಿ ತಿಕ್ಕಬ್ಯಾಡ ಅಂದೆನಲ್ಲ. ಕೈಯಾಗ ನೊರಿ ಮಾಡ್ಕೋ ಮೊದಲ."