ಅತ್ತೆಯ ಹೆಬ್ಬೆಟ್ಟು, ನನ್ನ ಉಯಿಲು

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು. ಡೆಪಾಸಿಟ್ ಇಡಲು ಬಂದವರಿಗೆಲ್ಲ ನನ್ನದು ಒಂದೇ ಪಲ್ಲವಿ: "ನಾಮಿನಿ ಹಾಕಿದ್ದೀರಾ?" ನಾಮಿನಿಯ ಹೆಸರು ಬರೆಯುವ ಡಿಎ-1 ಫಾರಂ ಎಷ್ಟು ಜನರಿಂದ ತುಂಬಿಸಿದ್ದೇನೋ ಲೆಕ್ಕವಿಲ್ಲ. ಅಂಥವಳು ನನ್ನ ಸ್ವಂತ ಉಯಿಲು ಬರೆದದ್ದು ಹೋದ ತಿಂಗಳು. ನಿವೃತ್ತಿಯಾಗಿ ಎರಡು ವರ್ಷ ಕಳೆದ ಮೇಲೆ. ಅದೂ ಬುದ್ಧಿ ಬಂದು ಅಲ್ಲ, ಹೆದರಿ.

ಮೊದಲು ಹಳೆಯ ಕತೆ ಹೇಳಿಬಿಡುತ್ತೇನೆ. ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಉಯಿಲು ಬರೆದಿರಲಿಲ್ಲ. ಐವತ್ತೇಳನೇ ವಯಸ್ಸಿಗೆ ಯಾರು ಬರೆಯುತ್ತಾರೆ ಹೇಳಿ? ಫ್ಲಾಟ್ ಅವರ ಹೆಸರಿನಲ್ಲಿತ್ತು. ನಮಗೆ ಮಕ್ಕಳಿಲ್ಲ. ಇರುವವಳು ನಾನೊಬ್ಬಳು, ಸೀದಾ ನನಗೆ ಬರುತ್ತದೆ ಅಂದುಕೊಂಡಿದ್ದೆ. ಖಾತೆ ಮಾಡಿಸುವ ವಿಷಯ ಕೇಳಲು ಹೋದಾಗ ವಕೀಲರು ಕೇಳಿದ ಮೊದಲ ಪ್ರಶ್ನೆ, "ಅವರ ತಾಯಿ ಇದ್ದಾರಾ?"

ಇದ್ದರು. ನಮ್ಮ ಮನೆಯಲ್ಲೇ ಇದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ಸತ್ತ ಗಂಡಸಿನ ಆಸ್ತಿ ಮೊದಲ ದರ್ಜೆಯ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಮಗ, ಮಗಳು, ಅವರ ಜೊತೆಗೆ ತಾಯಿ. ಎಲ್ಲರಿಗೂ ಸಮಪಾಲು. ತಂದೆ ಮಾತ್ರ ಎರಡನೇ ದರ್ಜೆ, ಯಾಕೋ ಪಾಪ! ಅಂದರೆ ಫ್ಲಾಟಿನಲ್ಲಿ ಅರ್ಧ ನನ್ನದು, ಅರ್ಧ ಅತ್ತೆಯದು. ಅಷ್ಟು ವರ್ಷ ಬ್ಯಾಂಕಿನಲ್ಲಿದ್ದ ನನಗೇ ಇದು ಗೊತ್ತಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಅವನದು ಅಂದ್ರೆ ನಿನ್ನದೇ ಅಲ್ವಾ, ಎಲ್ಲಿ ಸೈನ್ ಹಾಕಬೇಕು ಹೇಳು" ಅಂದರು. ಹಕ್ಕು ಬಿಡುಗಡೆ ಪತ್ರ ಮಾಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಹೆಬ್ಬೆಟ್ಟಿನ ಯಂತ್ರಕ್ಕೆ ಅವರ ಬೆರಳು ಹತ್ತಲೇ ಇಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿ ಬಟ್ಟೆ ಒಗೆದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟರು, ಇಲ್ಲ. ಸೆರಗಿಗೆ ಉಜ್ಜಿ ಇಟ್ಟರು, ಇಲ್ಲ. ಆಪರೇಟರ್ ಹುಡುಗ ಅವರ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿ ಹಿಡಿದ. ಐದನೇ ಸಲವೋ ಆರನೇ ಸಲವೋ ಪರದೆಯ ಮೇಲೆ ಹಸಿರು ಬಂತು. ಅತ್ತೆ ನನ್ನ ಕಡೆ ತಿರುಗಿ, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ನಕ್ಕರು.

"ನೀವೂ ಒಂದು ಉಯಿಲು ಬರೆದಿಡಿ" ಅಂತ ವಕೀಲರು ಅವತ್ತೇ ಹೇಳಿದ್ದರು. ಹೂಂ ಅಂದೆ. ಏಳೆಂಟು ವರ್ಷ ಆ ಹೂಂನಲ್ಲೇ ಕಳೆಯಿತು. ನಡುವೆ ಅತ್ತೆಯೂ ಹೋದರು.

ತಂಗಿಯ ಮಗಳು ಕಾನೂನು ಓದುತ್ತಿದ್ದಾಳೆ. ಈಚೆಗೆ ಒಂದು ರಾತ್ರಿ ವಾಟ್ಸ್ಆ್ಯಪ್‌ನಲ್ಲಿ 2009ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಕಳಿಸಿ, "ದೊಡ್ಡಮ್ಮ, ಓದಿ ಮಲಗಿ" ಅಂದಳು. ಓದಿದೆ, ಮಲಗಲು ಆಗಲಿಲ್ಲ. 1955ರಲ್ಲಿ ಮದುವೆಯಾದ ಹೆಣ್ಣುಮಗಳು. ಮೂರೇ ತಿಂಗಳಿಗೆ ಗಂಡ ಸತ್ತ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನಲ್ಲಿದ್ದು ಓದಿ, ಕೆಲಸಕ್ಕೆ ಸೇರಿ, ತಾನೇ ದುಡಿದು ಉಳಿಸಿದಳು. 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡಳು. ಆಗ ಅವಳ ತಾಯಿ ಇನ್ನೂ ಬದುಕಿದ್ದರು. ದುಡ್ಡು ಯಾರಿಗೆ ಹೋಯಿತು? ಆ ತಾಯಿಗೆ ಅಲ್ಲ. ಗಂಡನ ಅಕ್ಕತಂಗಿಯ ಮಕ್ಕಳಿಗೆ. ಅನುಕಂಪವೇ ಬೇರೆ, ಕಾನೂನೇ ಬೇರೆ ಅಂತ ಕೋರ್ಟು ಹೇಳಿತು.

ಅದೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಓದಿದರೆ ತಲೆ ತಿರುಗುತ್ತದೆ. ನನ್ನ ಮಟ್ಟಿಗೆ ಅದು ಮೂರು ಗಂಟು. ಮಕ್ಕಳಿಲ್ಲದ ವಿಧವೆ ಉಯಿಲಿಲ್ಲದೆ ಸತ್ತರೆ, ಅಪ್ಪ ಅಮ್ಮನಿಂದ ಪಾಲಾಗಿ ಬಂದದ್ದು ಅಪ್ಪನ ವಾರಸುದಾರರಿಗೆ. ಗಂಡನಿಂದ ಬಂದದ್ದು ಗಂಡನ ವಾರಸುದಾರರಿಗೆ. ಇಲ್ಲಿಯವರೆಗೆ ಒಪ್ಪಬಹುದು. ಅವಳೇ ಬೆವರು ಸುರಿಸಿ ದುಡಿದದ್ದು? ಅದೂ ಗಂಡನ ವಾರಸುದಾರರಿಗೇ. ಆ ಕಡೆ ಯಾರೂ ಇಲ್ಲದಿದ್ದರೆ ಮಾತ್ರ ಅವಳ ಹೆತ್ತವರ ಸರದಿ.

ನನ್ನ ಲೆಕ್ಕಕ್ಕೆ ತಂದು ನೋಡಿದೆ. ನನ್ನ ಪಿಎಫ್, ಗ್ರಾಚ್ಯುಟಿ, ಡೆಪಾಸಿಟ್ಟು ಎಲ್ಲ ಮೈದುನನಿಗೆ. ಅವನು ಕೆಟ್ಟವನಲ್ಲ. ಆದರೆ ವರ್ಷಕ್ಕೊಂದು ಸಲ ಫೋನ್ ಮಾಡುವವನು. ಎಂಬತ್ತಮೂರರ ಅಮ್ಮನನ್ನು ನೋಡಿಕೊಳ್ಳುತ್ತಿರುವ ನನ್ನ ತಂಗಿಗೆ ಸೊನ್ನೆ.

"ನಾಮಿನಿ ನಿನ್ನ ತಂಗಿಯೇ ಇದ್ದಾಳಲ್ಲ" ಅಂತ ನೀವು ಕೇಳಬಹುದು. ಕೌಂಟರಿನಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿದ್ದದ್ದೂ ಅದನ್ನೇ. ನಾಮಿನಿ ಅಂದರೆ ದುಡ್ಡು ಕೈಗೆ ಇಸಿದುಕೊಳ್ಳುವವರು, ಒಡೆಯರಲ್ಲ. ಬ್ಯಾಂಕು ನಾಮಿನಿಗೆ ಕೊಟ್ಟು ತನ್ನ ಜವಾಬ್ದಾರಿ ಮುಗಿಸಿಕೊಳ್ಳುತ್ತದೆ, ಆಮೇಲೆ ನಿಜವಾದ ವಾರಸುದಾರರು ನಾಮಿನಿಯ ಹತ್ತಿರ ಕೇಳಬಹುದು. ಷೇರಿನ ವಿಷಯದಲ್ಲೂ ಹೀಗೇ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆ ಸ್ವಲ್ಪ ಬೇರೆ. 2015ರ ತಿದ್ದುಪಡಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ಹೆತ್ತವರು ನಾಮಿನಿಯಾದರೆ ಅವರಿಗೇ ಹಕ್ಕು ಅಂತ ಸೇರಿಸಿದರು. ತಂಗಿ ಆ ಪಟ್ಟಿಯಲ್ಲಿಲ್ಲ. 2025ರ ನವೆಂಬರ್‌ನಿಂದ ಬ್ಯಾಂಕ್ ಡೆಪಾಸಿಟ್ಟಿಗೆ ನಾಲ್ಕು ನಾಮಿನಿ ಹಾಕಬಹುದು. ಒಳ್ಳೆಯದೇ. ಆದರೆ ನಾಲ್ವರು ನಾಮಿನಿ ಸೇರಿದರೂ ಒಂದು ಉಯಿಲಿಗೆ ಸಮ ಆಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ತಂಗಿಗೆ ಬರೆದುಬಿಡುವುದು ತಾನೇ? ಕೋಪದಲ್ಲಿ ಮೊದಲು ಹಾಗೇ ಬರೆದೆ. ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿ. ಎರಡು ದಿನ ಬಿಟ್ಟು ಓದಿದಾಗ ಅತ್ತೆಯ ಹೆಬ್ಬೆಟ್ಟು ನೆನಪಾಯಿತು. ಆ ಫ್ಲಾಟಿನಲ್ಲಿ ಅರ್ಧ ಅವರು ಬಿಟ್ಟುಕೊಟ್ಟದ್ದು. ಅವರ ಕೊನೆಯ ಐದು ತಿಂಗಳು ಮೈದುನನ ಮಗಳು ಕೆಲಸಕ್ಕೆ ರಜೆ ಹಾಕಿ ಬಂದು, ರಾತ್ರಿ ಅವರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ನಾನು ಹಗಲು ಬ್ಯಾಂಕು, ಅವಳು ರಾತ್ರಿ ಅಜ್ಜಿ. ಪೆನ್ಸಿಲ್ ಗೆರೆ ಅಳಿಸಿದೆ. ಫ್ಲಾಟ್ ಅವಳಿಗೆ. ನಾನು ದುಡಿದದ್ದು ತಂಗಿಗೆ.

ಅಮ್ಮನ ವಿಷಯದಲ್ಲಿ ಜಾಸ್ತಿ ತಡವರಿಸಿದೆ. ಅಮ್ಮನಿಗೆ ಅಂತ ಬರೆದರೆ ಅಮ್ಮ ಈ ವಯಸ್ಸಿನಲ್ಲಿ ಬ್ಯಾಂಕು ಕೋರ್ಟು ಅಂತ ಓಡಾಡಬೇಕು. ತಂಗಿಗೆ ಬರೆದರೆ ಅಮ್ಮನ ಹೆಸರೇ ಇಲ್ಲ, ಮನಸ್ಸು ಒಪ್ಪಲಿಲ್ಲ. ಕೊನೆಗೆ "ತಾಯಿಯವರ ಖರ್ಚನ್ನು ಇದರಲ್ಲಿ ನೋಡಿಕೊಳ್ಳತಕ್ಕದ್ದು" ಅಂತ ಒಂದು ಸಾಲು ಸೇರಿಸಿದೆ. ಅದನ್ನು ಓದಿ ತಂಗಿಗೆ ಬೇಜಾರಾಯಿತು. ಬರೆಯದಿದ್ದರೆ ನೋಡಿಕೊಳ್ಳುವುದಿಲ್ಲ ಅಂದುಕೊಂಡೆಯಾ ಅಂತ ಕೇಳಿದಳು. ಉತ್ತರ ಕೊಡಲಿಲ್ಲ, ಸಾಲನ್ನೂ ತೆಗೆಯಲಿಲ್ಲ.

ವಕೀಲರು ಎರಡು ಮಾತು ಸೇರಿಸಲು ಹೇಳಿದರು. ನಾನು ಯೋಚಿಸಿರದಂಥವು. ಒಂದು, ಯಾರಿಗೆ ಬರೆದಿದ್ದೇನೋ ಅವರು ನನಗಿಂತ ಮೊದಲೇ ಹೋದರೆ? ಆ ಸಾಲು ಬಿದ್ದುಹೋಗುತ್ತದೆ, ಆ ಪಾಲು ಮತ್ತೆ ಕಾನೂನಿನ ದಾರಿ ಹಿಡಿಯಬಹುದು. ಅದಕ್ಕೆ "ತಂಗಿ ಇಲ್ಲದಿದ್ದರೆ ಅವಳ ಮಗಳಿಗೆ" ಅಂತ ಬರೆಯಬೇಕು. ಇನ್ನೊಂದು, "ಇಲ್ಲಿ ಹೇಳದೆ ಬಿಟ್ಟಿರುವ ಉಳಿದೆಲ್ಲ ಆಸ್ತಿ ಇಂಥವರಿಗೆ" ಅನ್ನುವ ಸಾಲು. ನಾಳೆ ಹೊಸದೊಂದು ಡೆಪಾಸಿಟ್ ಇಟ್ಟರೂ ಅದು ಅನಾಥವಾಗುವುದಿಲ್ಲ.

ಉಳಿದದ್ದೆಲ್ಲ ನಾನು ಅಂದುಕೊಂಡದ್ದಕ್ಕಿಂತ ಸುಲಭ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕೈಬರಹದಲ್ಲೇ ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಬರೆದವರ ಸಹಿ, ಕಡಿಮೆ ಅಂದರೆ ಇಬ್ಬರು ಸಾಕ್ಷಿಗಳ ಸಹಿ. ನಾನು ಸಹಿ ಹಾಕುವುದನ್ನು ಅವರು ನೋಡಬೇಕು, ಅವರು ನನ್ನೆದುರು ಸಹಿ ಹಾಕಬೇಕು. ಒಳಗೆ ಏನಿದೆ ಅಂತ ಅವರು ಓದಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ನಾನು ಮಾಡಿಸಿದೆ. ಈ ಸಲ ಹೆಬ್ಬೆಟ್ಟು ಒಂದೇ ಏಟಿಗೆ ಹತ್ತಿತು. ಪಾತ್ರೆ ತಿಕ್ಕಿದ್ದು ಕಡಿಮೆ, ನೋಟು ಎಣಿಸಿದ್ದು ಜಾಸ್ತಿ.

ಸಾಕ್ಷಿಗಳು ನಮಗಿಂತ ಚಿಕ್ಕವರಾಗಿರಬೇಕು ಅನ್ನುವುದು ಕಾನೂನಲ್ಲ, ವಕೀಲರ ಅನುಭವ. ಮುಂದೆ ತಕರಾರು ಬಂದರೆ ಕನಿಷ್ಠ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ನೋಂದಣಿ ಆಗಿದ್ದರೂ ಅಷ್ಟೇ. ಕೆಳಗಿನ ಮನೆಯ ಹುಡುಗ ಒಬ್ಬ, ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಗೆಳತಿ ಒಬ್ಬಳು. ಅವಳಿಗಿನ್ನೂ ನಲವತ್ತೈದು. ಸಹಿ ಹಾಕುತ್ತಾ ಅವಳು, "ಮೇಡಂ, ನಿಮಗೆ ಎಲ್ಲವನ್ನೂ ಬರೆಯಬಹುದು. ನಮ್ಮಲ್ಲಿ ವಾರಸುದಾರರು ಒಪ್ಪದಿದ್ದರೆ ಮೂರನೇ ಒಂದು ಭಾಗ ಮಾತ್ರ" ಅಂದಳು. ಮುಸ್ಲಿಮರ ಲೆಕ್ಕ ಹಾಗೆ. ಮಿಕ್ಕಿದ್ದು ಯಾರಿಗೆ ಎಷ್ಟು ಅನ್ನುವುದು ಮೊದಲೇ ನಿಗದಿ. ಒಂದು ಕ್ಷಣ ಅವಳನ್ನು ನೋಡಿ ಹೊಟ್ಟೆಕಿಚ್ಚಾಯಿತು. ಪೆನ್ಸಿಲ್ ಹಿಡಿದು ಒದ್ದಾಡುವ ಕಷ್ಟ ಮೂರನೇ ಒಂದು ಭಾಗಕ್ಕಷ್ಟೇ ಅಲ್ವಾ!

ನಕಲು ಪ್ರತಿಗಳನ್ನು ತಂಗಿಗೊಂದು, ಮೈದುನನ ಮಗಳಿಗೊಂದು ಕೊಟ್ಟೆ. ಮನಸ್ಸು ಬದಲಾದರೆ ಬೇರೆ ಬರೆಯುತ್ತೇನೆ, ಕೊನೆಯದೇ ನಿಲ್ಲುವುದು ಅಂತಲೂ ಹೇಳಿದೆ. ಮೈದುನನ ಮಗಳು ಎರಡು ಸಲ ಓದಿ ಫೋನ್ ಮಾಡಿದಳು. ಫ್ಲಾಟಿನ ಬಗ್ಗೆ ಏನೂ ಮಾತಾಡಲಿಲ್ಲ.

"ದೊಡ್ಡಮ್ಮ, ಹೊಲಿಗೆ ಮೆಷಿನ್ ಇದರಲ್ಲಿ ಬರೆದೇ ಇಲ್ವಲ್ಲ?"

ಅತ್ತೆಯ ಮೆಷಿನ್ ಅದು. ಮೂಲೆಯಲ್ಲಿ ಹಳೆ ಪೇಪರಿನ ರಾಶಿ ಹೊತ್ತು ಕೂತಿತ್ತು. ಇಡೀ ಉಯಿಲಿನಲ್ಲಿ ನನಗೆ ಅದರ ನೆನಪೇ ಬಂದಿರಲಿಲ್ಲ. ಬರೆದ ಪ್ರಕಾರ ಅದು "ಉಳಿದೆಲ್ಲ"ದಲ್ಲಿ ಸೇರಿ ತಂಗಿಗೆ ಹೋಗುತ್ತಿತ್ತು. ಭಾನುವಾರ ಬಂದು ತೆಗೆದುಕೊಂಡು ಹೋಗು ಅಂದೆ. ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಹೋದಳು. ಬೆಲ್ಟು ಸಡಿಲವಾಗಿದೆ, ಬೇರೆ ಹಾಕಿಸಿಕೊಳ್ಳಬೇಕು.