ಬಿಗಿದುಕೊಂಡ ವಾಲ್ವಿಗೆ ಕೈಬಲವೇ ಮಿತಿ

ಅಮೆರಿಕದ ಮಿನ್ನೆಸೋಟದಲ್ಲಿ ಹಿಮ ಕರಗಿ ಬಿಸಿಲು ಕಾಣಿಸಿಕೊಳ್ಳುತ್ತಲೇ, ಹಿತ್ತಲಿನಲ್ಲಿ ಹೊದಿಸಿಟ್ಟಿದ್ದ ಗ್ಯಾಸ್ ಗ್ರಿಲ್ಲುಗಳಿಗೆ ಮತ್ತೆ ಕೆಲಸ ಬರುತ್ತದೆ. ನಮ್ಮಂಥವರ ಮನೆಗಳಲ್ಲಿ ಅದರ ಮೇಲೆ ಮುಸುಕಿನ ಜೋಳವನ್ನೂ ಗೊಜ್ಜಿಗೆ ಬೇಕಾದ ಬದನೆಕಾಯಿಯನ್ನೂ ಸುಡುತ್ತೇವೆ. ಇಡೀ ಚಳಿಗಾಲ ಹೊರಗೇ ನಿಂತಿದ್ದ ಸಿಲಿಂಡರಿನ ವಾಲ್ವ್ ತಿರುಗದಿರುವುದು ಆಗ ಎದುರಾಗುವ ಸಾಮಾನ್ಯ ತೊಂದರೆ. ತುಮಕೂರು ಸೀಮೆಯಿಂದ ಬೇಸಿಗೆಗೆಂದು ಮಕ್ಕಳ ಮನೆಗೆ ಬರುವ ಹಿರಿಯರು ಹಗಲೆಲ್ಲ ಮನೆಯಲ್ಲಿ ತಾವೇ ಇರುತ್ತಾರಾದ್ದರಿಂದ, ಇದನ್ನು ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ 14.2 ಕೆ.ಜಿ. ಸಿಲಿಂಡರಿಗೆ ತಿರುಗಿಸುವ ಹಿಡಿಯೇ ಇಲ್ಲ. ಅದರ ಬಾಯೊಳಗಿನ ಪಿನ್ನನ್ನು ರೆಗ್ಯುಲೇಟರ್ ಒತ್ತಿದಾಗ ಗ್ಯಾಸ್ ಬರುತ್ತದೆ, ರೆಗ್ಯುಲೇಟರ್ ತೆಗೆದಾಗ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಲ್ಲಿನ ಗ್ರಿಲ್ಲಿನ ಸಿಲಿಂಡರ್ 20 ಪೌಂಡಿನದು, ಅಂದರೆ ಸುಮಾರು 9 ಕೆ.ಜಿ.; ಒಳಗಿರುವುದು ಪ್ರೊಪೇನ್. ಹಿತ್ತಾಳೆಯ ವಾಲ್ವಿನ ತಲೆಯ ಮೇಲೆ ತ್ರಿಕೋನಾಕಾರದ ಹಿಡಿಯಿದ್ದು, ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ತೆರೆಯುತ್ತದೆ. ಸಿಲಿಂಡರ್ ನೂರಕ್ಕೆ 80 ಭಾಗ ತುಂಬಿದ ಕೂಡಲೇ ಗ್ಯಾಸ್ ಒಳಹೋಗುವುದನ್ನು ತಡೆಯುವ ತೇಲುವ ಸಾಧನ ಒಳಗಿದೆ ಎಂಬುದಕ್ಕೆ ಆ ತ್ರಿಕೋನವೇ ಗುರುತು. ಆ ತಡೆಯಿಲ್ಲದ ಇಂಥ ಸಿಲಿಂಡರುಗಳನ್ನು 2002ರ ಏಪ್ರಿಲ್‌ನಿಂದ ಇಲ್ಲಿ ಮತ್ತೆ ತುಂಬಿಸುವಂತಿಲ್ಲ.

ತಿಪಟೂರಿನ ತೋಟ ಬಿಟ್ಟು ನಮ್ಮಲ್ಲಿಗೆ ಬಂದಿದ್ದ ನಮ್ಮ ತಂದೆಯವರು ತಿರುಗದ ವಾಲ್ವನ್ನು ನೋಡಿ, “ಪೈಪ್ ರೆಂಚ್ ಇದ್ರೆ ಕೊಡಪ್ಪ, ಒಂದು ಎಳೆತಕ್ಕೆ ಬಿಡುತ್ತೆ” ಎಂದರು. ಬೋರ್‌ವೆಲ್ಲಿನ ಗೇಟ್‌ವಾಲ್ವ್ ಕಚ್ಚಿಕೊಂಡಾಗ ತೆಂಗಿನ ತೋಟದವರು ಮಾಡುವುದು ಅದನ್ನೇ, ಮತ್ತು ಅಲ್ಲಿ ಅದು ಸರಿಯೂ ಹೌದು. ಮುರಿದರೆ ಹರಿಯುವುದು ನೀರು. “ಬೇಡಿ ಅಪ್ಪ, ಇದಕ್ಕೆ ಕೈ ಬಿಟ್ಟು ಬೇರೇನೂ ಹಾಕಬಾರದು” ಎಂದೆ. 21 ಡಿಗ್ರಿ ಸೆಲ್ಸಿಯಸ್ಸಿನಷ್ಟು ಹಿತವಾದ ಹವೆಯಲ್ಲೂ ಪ್ರೊಪೇನ್ ಸಿಲಿಂಡರಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಎಂಟು ಪಟ್ಟನ್ನು ಮೀರಿರುತ್ತದೆ. ರೆಂಚ್ ಹಾಕಿ ಎಳೆದರೆ ಹಿಡಿಯ ಕೆಳಗಿನ ಸಣ್ಣ ಕಡ್ಡಿ ತುಂಡಾಗಬಹುದು, ಅಥವಾ ವಾಲ್ವೇ ಸಿಲಿಂಡರಿನ ಕೊರಳಿನಲ್ಲಿ ಸಡಿಲಗೊಳ್ಳಬಹುದು. ಆಮೇಲೆ ಅದನ್ನು ಮುಚ್ಚುವ ದಾರಿಯೇ ಇರುವುದಿಲ್ಲ.

ಹತ್ತಿರದಿಂದ ನೋಡಿದಾಗ ಹಿಡಿಯ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು, ಅದರ ಸಂದಿನಲ್ಲಿ ರಾತ್ರಿಯ ತೇವ ಹೆಪ್ಪುಗಟ್ಟಿ ಕೂತಿತ್ತು. ಉಗುರುಬೆಚ್ಚಗಿನ ನೀರನ್ನು ವಾಲ್ವಿನ ಮೇಲೆ ನಿಧಾನವಾಗಿ ಸುರಿದು, ಬಟ್ಟೆಯಲ್ಲಿ ಒರೆಸಿ, ರಬ್ಬರ್ ಕೈಗವಸು ಹಾಕಿಕೊಂಡು ಮೊದಲು ಮುಚ್ಚುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ತೆರೆಯುವ ದಿಕ್ಕಿಗೆ ಒಂದೇ ಸಮನಾಗಿ ಒತ್ತಿದಾಗ ಅದು ಬಿಟ್ಟುಕೊಂಡಿತು. ಕುದಿಯುವ ನೀರು, ಬೆಂಕಿ, ಸುತ್ತಿಗೆ ಇವು ಯಾವುವೂ ಕೂಡದು. ಎಣ್ಣೆಯೂ ಬೇಡ, ಅದು ಒಳಗಿನ ರಬ್ಬರನ್ನು ಕೆಡಿಸಬಹುದು. ಹಿಂದಿನ ಸಲ ಮುಚ್ಚಿದವರು ಅತಿಯಾಗಿ ಬಿಗಿದಿದ್ದರೂ ವಾಲ್ವ್ ಹೀಗೆ ಕಚ್ಚಿಕೊಳ್ಳುತ್ತದೆ. ಇಷ್ಟಾದರೂ ತಿರುಗದಿದ್ದರೆ, ಅಥವಾ ಹಿಡಿ ಸುಮ್ಮನೆ ಗಿರಗಿರನೆ ಸುತ್ತಿದರೆ, ಆ ಸಿಲಿಂಡರನ್ನು ಮನೆಯೊಳಗೆ ತರದೆ ಹೊರಗೇ ನಿಲ್ಲಿಸಿ, ಮಾರಾಟಗಾರರಿಗೆ ದೋಷವನ್ನು ತಿಳಿಸಿ ಬದಲಾಯಿಸಿಕೊಳ್ಳಬೇಕು. ವಾಲ್ವನ್ನು ಬಿಚ್ಚುವುದು ತರಬೇತಿ ಪಡೆದವರ ಕೆಲಸ.

ಇನ್ನೊಂದು ಸಂಗತಿಯನ್ನು ಜನ ವಾಲ್ವ್ ಕೆಟ್ಟಿದೆಯೆಂದೇ ತಪ್ಪಾಗಿ ತಿಳಿಯುತ್ತಾರೆ. ಹಿಡಿ ಸರಾಗವಾಗಿ ತಿರುಗುತ್ತದೆ, ಸಿಲಿಂಡರೂ ತುಂಬಿದೆ, ಆದರೆ ಉರಿ ಮಾತ್ರ ಮಿಣಮಿಣ ಎನ್ನುತ್ತದೆ, ಗ್ರಿಲ್ಲಿನ ಬಿಸಿ 150 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದೇ ಇಲ್ಲ. ಕೊಳವೆ ಹರಿದಾಗ ಗ್ಯಾಸ್ ರಭಸದಿಂದ ನುಗ್ಗದಂತೆ ತಡೆಯುವ ಸಾಧನವೊಂದು ಜೋಡಣೆಯ ತಿರುಪಿನಲ್ಲಿದ್ದು, ವಾಲ್ವನ್ನು ಗಕ್ಕನೆ ತೆರೆದರೆ ಅಥವಾ ಒಲೆಯ ಗುಂಡಿಗಳು ಮೊದಲೇ ತೆರೆದಿದ್ದರೆ ಅದು ಸೋರಿಕೆಯೆಂದು ಭಾವಿಸಿ ಹರಿವನ್ನು ಕಿರಿದುಗೊಳಿಸುತ್ತದೆ. ಆಗ ವಾಲ್ವ್ ಮುಚ್ಚಿ, ಕೊಳವೆ ಬಿಚ್ಚಿ, ಗುಂಡಿಗಳನ್ನು ಒಂದೆರಡು ನಿಮಿಷ ತೆರೆದಿಟ್ಟು, ಮತ್ತೆ ಮುಚ್ಚಿ, ಕೊಳವೆಯನ್ನು ಕೈಯಿಂದಲೇ ಬಿಗಿದು, ವಾಲ್ವನ್ನು ಬಹಳ ನಿಧಾನವಾಗಿ ತೆರೆಯಬೇಕು. ಜೋಡಣೆಗೆ ಸೋಪುನೀರು ಸವರಿ ಗುಳ್ಳೆ ಏಳುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಡ್ಡಿ ಗೀರಬೇಕು, ಆಗ ಗ್ರಿಲ್ಲಿನ ಮುಚ್ಚಳವೂ ತೆರೆದಿರಬೇಕು.

ತೆರೆದ ವಾಲ್ವ್ ಮುಚ್ಚದೆ ಗ್ಯಾಸಿನ ವಾಸನೆ ಬರುತ್ತಿದ್ದರೆ ಅಲ್ಲಿ ಪ್ರಯೋಗ ಮಾಡುತ್ತ ನಿಲ್ಲಬೇಡಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ, ನೆಲಮಾಳಿಗೆಯ ಕಿಟಕಿಯ ಬಳಿ ಶೇಖರವಾಗುತ್ತದೆ. ಎಲ್ಲರೂ ದೂರ ಸರಿದು 911ಕ್ಕೆ ಕರೆ ಮಾಡಿ; ಇಂಗ್ಲಿಷ್ ಸರಿಯಾಗಿ ಬಾರದ ಹಿರಿಯರೂ ‘ಗ್ಯಾಸ್ ಲೀಕ್’ ಎಂದು ಹೇಳಿ ವಿಳಾಸ ಓದಿದರೆ ಸಾಕು, ಆದ್ದರಿಂದ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿರಿ.

ಊರಿನ ಸಿಲಿಂಡರಿನಲ್ಲೂ ಒಮ್ಮೊಮ್ಮೆ ರೆಗ್ಯುಲೇಟರ್ ತೆಗೆದ ಮೇಲೆ ಪಿನ್ ಮೇಲೇಳದೆ ಬುಸ್ಸೆನ್ನುವ ಸದ್ದು ನಿಲ್ಲುವುದಿಲ್ಲ. ಆಗ ಚಮಚವನ್ನೋ ಸ್ಕ್ರೂಡ್ರೈವರನ್ನೋ ಹಾಕಿ ಮೀಟದೆ, ಸ್ವಿಚ್ಚುಗಳನ್ನು ಮುಟ್ಟದೆ, ದಾರಕ್ಕೆ ಕಟ್ಟಿದ ಮುಚ್ಚಳವನ್ನು ಬಾಯಿಗೆ ಒತ್ತಿ ಕೂರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಹೊಸ ಸಿಲಿಂಡರ್ ಬಂದ ದಿನವೇ ಆ ದಾರವನ್ನು ಕತ್ತರಿಸಿ ಮುಚ್ಚಳವನ್ನು ಎಲ್ಲೋ ಹಾಕುವ ಮನೆಗಳು ನಮ್ಮಲ್ಲಿ ಬಹಳ ಇವೆ. ದಯವಿಟ್ಟು ಅದನ್ನು ಸಿಲಿಂಡರಿಗೇ ತೂಗಲು ಬಿಡಿ.