ಪುಟ ಹಾರಿಸುವ ಸುಖ

ಅರಸೀಕೆರೆಯವನಿಗೆ ಪದ್ಯ ಓದಲು ಬರುತ್ತಿರಲಿಲ್ಲ. ಗದ್ಯವನ್ನಾದರೂ ಚೆನ್ನಾಗಿ ಓದುತ್ತಿದ್ದನೇ ಎಂದರೆ ಅದೂ ಇಲ್ಲ. ಪೂರ್ಣವಿರಾಮಗಳನ್ನು ತುಳಿದುಕೊಂಡೇ ಮುಂದಿನ ವಾಕ್ಯಕ್ಕೆ ನುಗ್ಗುತ್ತಿದ್ದ. ಆದರೂ 1998ರಿಂದ 2001ರವರೆಗೆ ನಮ್ಮ ಕಾಲೇಜಿನಲ್ಲಿ ನಾನು ಓದಿದ ಬಿ.ಎ.ಯ ಮುಕ್ಕಾಲು ಪಾಲು ಅವನ ಗಂಟಲಿನಿಂದಲೇ ಬಂದದ್ದು. ನಮ್ಮ ಹಾಸ್ಟೆಲ್‌ನಲ್ಲಿ ಊರಿನ ಹೆಸರೇ ಮನುಷ್ಯನ ಹೆಸರು. ನಾನು ಸಕಲೇಶಪುರದವನು, ಅವನು ಅರಸೀಕೆರೆಯವನು. ಇಂದಿಗೂ ಅವನ ನಿಜನಾಮ ಕೇಳಿದರೆ ಒಂದು ಕ್ಷಣ ತಡವರಿಸುತ್ತೇನೆ.

ಕಾಲೇಜಿಗೆ ಸೇರಿದಾಗ ನನಗೆ ಕಣ್ಣಿತ್ತು. ಹಗಲು ಪುಸ್ತಕ ಓದುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಹಾಸ್ಟೆಲ್ ಅಂಗಳದ ನಲ್ಲಿಕಟ್ಟೆಗೆ ಮೊಣಕಾಲು ತಾಗಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಇದನ್ನು ಇರುಳುಗುರುಡು ಎಂದು ಕರೆದು ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿ ತಿನ್ನಿಸಿದ್ದರು. ವಿಟಮಿನ್ ಎ ಕೊರತೆಯಿಂದ ಬರುವ ಇರುಳುಗುರುಡಿಗೆ ಅದು ಸರಿಯಾದ ಪಥ್ಯವೇ. ನನ್ನದು ಅದಾಗಿರಲಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ, ವಂಶವಾಹಿಯಲ್ಲೇ ಬರುವ ಕಾಯಿಲೆ. ಅಕ್ಷಿಪಟಲದ ಜೀವಕೋಶಗಳು ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತವೆ. ನೋಟ ಕೊಳವೆಯಲ್ಲಿ ಇಣುಕಿದಷ್ಟೇ ಉಳಿದು, ಕೊನೆಗೆ ಅದೂ ಮಸುಕಾಗುತ್ತದೆ. ದೊಡ್ಡ ಆಸ್ಪತ್ರೆಯೊಂದರ ವೈದ್ಯರು ಇಷ್ಟನ್ನೂ ನಾಲ್ಕು ನಿಮಿಷದಲ್ಲಿ ಹೇಳಿ, ಮುಂದಿನವರನ್ನು ಕರೆಯಲು ಗಂಟೆ ಬಾರಿಸಿದರು. ಕಣ್ಣು ಹೋಗುತ್ತದೆ ಎಂದು ಹೇಳಲು ಒಬ್ಬರಿದ್ದರು. ಹೋದ ಮೇಲೆ ಏನು ಮಾಡಬೇಕೆಂದು ಹೇಳಲು ಆ ಐದಂತಸ್ತಿನ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಅದನ್ನು ಹೇಳಿದವರು ನಮ್ಮ ಇತಿಹಾಸದ ಮೇಷ್ಟ್ರು. ನಾನು ಓದುವಾಗ ಕಣ್ಣಿನ ಬದಲು ತಲೆಯನ್ನು ಸಾಲಿನುದ್ದಕ್ಕೂ ಓಡಿಸುವುದನ್ನು ನೋಡಿ, ಸಿಬ್ಬಂದಿ ಕೊಠಡಿಗೆ ಕರೆದರು. "ಮೈಸೂರಿನಲ್ಲಿ 1901ರಿಂದ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಇದೆ. ಪಠ್ಯಪುಸ್ತಕ ಅಚ್ಚು ಹಾಕುವ ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಅಲ್ಲೇ ಇದೆ. ನಿನಗೆ ಯಾರೂ ಹೇಳಲಿಲ್ಲವೇ?" ಎಂದರು. ನಾನು, "ಇಲ್ಲ ಸರ್, ನಾನು ಇನ್ನೂ ಕುರುಡನಾಗಿಲ್ಲ" ಎಂದೆ. "ಆಗುವ ಮೊದಲೇ ಕಲಿತರೆ ಒಳ್ಳೆಯದು" ಎಂದರು ಅವರು. ಇಷ್ಟು ನೇರವಾಗಿ ನನ್ನೊಡನೆ ಅದುವರೆಗೆ ಯಾರೂ ಮಾತನಾಡಿರಲಿಲ್ಲ. ಕೋಪ ಬಂತು. 1999ರ ಬೇಸಿಗೆಯಲ್ಲಿ ಮೈಸೂರಿಗೆ ಹೋದೆ.

ಅಲ್ಲಿ ನಿವೃತ್ತ ಬ್ರೈಲ್ ಶಿಕ್ಷಕರೊಬ್ಬರು, ಹುಟ್ಟುಗುರುಡರು, ತಮ್ಮ ಮನೆಯ ಜಗಲಿಯಲ್ಲೇ ಕಲಿಸಿದರು. ಕಾಫಿ ತೋಟದಲ್ಲಿ ಕೆಲಸ ಮಾಡಿ ಒರಟಾದ ನನ್ನ ಬೆರಳಿಗೆ ಮೊದಲ ಎರಡು ವಾರ ಬ್ರೈಲ್‌ನ ಉಬ್ಬು ಚುಕ್ಕಿಗಳು ರವೆಯಂತೆ ತಾಗಿದವೇ ಹೊರತು ಅಕ್ಷರಗಳಾಗಲಿಲ್ಲ. ಆರು ಚುಕ್ಕಿಗಳ ಆಟ. ಸ್ಲೇಟ್ ಎಂಬ ಕಿಂಡಿಗಳ ಚೌಕಟ್ಟಿಗೆ ದಪ್ಪ ಕಾಗದ ಸಿಕ್ಕಿಸಿ, ಸ್ಟೈಲಸ್ ಎಂಬ ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಕಾಗದ ಮಗುಚಿದರೆ ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ನನಗೆ ಹಿಡಿಸಿದ್ದು ಒತ್ತಕ್ಷರದ ವ್ಯವಸ್ಥೆ. ಅಚ್ಚಿನ ಕನ್ನಡದಲ್ಲಿ ಒತ್ತು ಅಕ್ಷರದ ಕಾಲಡಿಗೆ ನುಸುಳುತ್ತದೆ. ಬ್ರೈಲ್‌ನಲ್ಲಿ ಕೆಳಗೆ ಜಾಗವೇ ಇಲ್ಲ. 'ಅಜ್ಜ' ಎಂದು ಬರೆಯಲು ಅ ಬರೆದು, ನಾಲ್ಕನೆಯ ಚುಕ್ಕಿಯೊಂದನ್ನು ಮಾತ್ರ ಇಟ್ಟು, ಎರಡು 'ಜ'ಗಳನ್ನು ಅಕ್ಕಪಕ್ಕ ಕೂರಿಸಬೇಕು. ಕಾಗುಣಿತವೂ ಹಾಗೆಯೇ, ಗುಡಿಸು, ಕೊಂಬುಗಳ ಬದಲು ವ್ಯಂಜನದ ಬೆನ್ನಿಗೆ ಸ್ವರವೇ ಬರುತ್ತದೆ. ಕನ್ನಡವನ್ನು ಬಿಚ್ಚಿ ಚಾಪೆಯ ಮೇಲೆ ಹರವಿದಂತೆ ಅನಿಸಿತು.

ಅಂಗವಿಕಲರ ಪ್ರಮಾಣಪತ್ರದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ದೊಡ್ಡದಾಗಿ ಹೇಳಿದರೆ ಬೈಗುಳ ಬರುತ್ತದೆ. ವೈದ್ಯಕೀಯ ಮಂಡಳಿಯವರು ಗೋಡೆಯ ಫಲಕ ತೋರಿಸಿದರು. ಕೊಳವೆಯ ನೋಟದಲ್ಲೇ ಒಂದೊಂದಾಗಿ ಹುಡುಕಿ ಐದು ಸಾಲು ಓದಿದೆ. "ಕಣ್ಣು ಚೆನ್ನಾಗಿದೆಯಲ್ಲಪ್ಪ" ಎಂದರು. ಧನ್ಯವಾದ ಹೇಳಿ ಹೊರಟವನು ಬಾಗಿಲ ಪಕ್ಕದ ಬೆಂಚಿಗೆ ಎಡವಿ ಬಿದ್ದೆ. ಆಗ ಜಾರಿಯಲ್ಲಿದ್ದ 1995ರ ಕಾಯಿದೆಯ ಪ್ರಕಾರ ನೋಟದ ವ್ಯಾಪ್ತಿ 20 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾದರೆ ಅದೂ ಅಂಧತ್ವವೇ. ಆದರೆ ವ್ಯಾಪ್ತಿಯನ್ನು ಅಳೆಯುವ ಯಂತ್ರ ಆ ದಿನ ಅಲ್ಲಿರಲಿಲ್ಲ. ಮೂರನೆಯ ಭೇಟಿಗೆ ಕಾಗದ ಕೈಗೆ ಬಂತು. ನನ್ನಂಥವರಿಗೆ ಇಂದಿಗೂ ನಾನು ಮೊದಲು ಹೇಳುವುದು ಇದನ್ನೇ: ಫಲಕದ ಪರೀಕ್ಷೆಯೊಂದನ್ನೇ ಮಾಡಿ ಕಳುಹಿಸಿದರೆ ಏಳಬೇಡಿ, ವ್ಯಾಪ್ತಿಯ ಪರೀಕ್ಷೆ ಕೇಳಿ.

ಬ್ರೈಲ್ ಬಂತು, ಆದರೆ ಪದವಿಯ ಪುಸ್ತಕಗಳು ಬ್ರೈಲ್‌ನಲ್ಲಿರಲಿಲ್ಲ. ಹಾಗಾಗಿ ಕ್ಯಾಸೆಟ್. ತೊಂಬತ್ತು ನಿಮಿಷದ್ದು, ಬದಿಗೆ ನಲವತ್ತೈದು. ಹೊಸದಕ್ಕೆ ದುಡ್ಡಿಲ್ಲದೆ ಅರಸೀಕೆರೆಯವನು ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್‌ಗಳನ್ನು ತರುತ್ತಿದ್ದ. ಅಂಚಿನ ಮುರಿದ ಕಿಂಡಿಗೆ ಸೆಲೊ ಟೇಪ್ ಅಂಟಿಸಿದರೆ ಅದರ ಮೇಲೆಯೇ ಧ್ವನಿಮುದ್ರಣ ಮಾಡಬಹುದು. 1565ರ ತಾಳಿಕೋಟೆ ಯುದ್ಧ ಮುಗಿದು ವಿಜಯನಗರ ಪಾಳುಬೀಳುತ್ತಿದ್ದಂತೆ ಯಾವುದೋ ಯುಗಳಗೀತೆಯ ಕೊನೆಯ ಚರಣ ತೇಲಿ ಬರುತ್ತಿತ್ತು. ಅಧ್ಯಾಯ ಶುರುವಾಗುವಲ್ಲಿ ಅವನು ಮೇಜನ್ನು ಮೂರು ಸಲ ಕುಟ್ಟುತ್ತಿದ್ದ. ಟೇಪನ್ನು ವೇಗವಾಗಿ ಓಡಿಸಿದಾಗ ಆ ಟಕಟಕದಿಂದಲೇ ನಾನು ಜಾಗ ಹಿಡಿಯುತ್ತಿದ್ದೆ. ಓದಿನ ನಡುವೆ ಊಟದ ಗಂಟೆ, ಮಳೆ, ಅವನ ಆಕಳಿಕೆ, ಒಮ್ಮೆ ವಾರ್ಡನ್ನರ ಬೈಗುಳ, ಎಲ್ಲವೂ ಪಠ್ಯದ ಭಾಗವಾದವು.

ಇದನ್ನೆಲ್ಲ ಸ್ನೇಹದ ಹಿರಿಮೆಗಾಗಿ ಹೇಳುತ್ತಿದ್ದೇನೆ ಎಂದು ಓದುಗರು ತಿಳಿಯಬಾರದು. ಆ ಓದಿನಲ್ಲಿ ಒಂದು ಕಷ್ಟವಿತ್ತು. ಬೇರೆಯವರ ಬಾಯಿಂದ ಓದುವವನು "ಈ ಪುಟ ಬೇಸರ, ಬಿಡು" ಎನ್ನುವಂತಿಲ್ಲ. ಅವನು ಸಿನಿಮಾ ಬಿಟ್ಟು ಬಂದು ಓದುತ್ತಿರುತ್ತಾನೆ. ರಾತ್ರಿ ಎರಡು ಗಂಟೆಗೆ ಪತ್ತೇದಾರಿ ಕಾದಂಬರಿ ಬೇಕೆನಿಸಿದರೆ ಎಬ್ಬಿಸುವಂತಿಲ್ಲ. ಒಂದು ದಿನ ಮನೆಯಿಂದ ಪತ್ರ ಬಂತು. ಎಂದಿನಂತೆ ಗಟ್ಟಿಯಾಗಿ ಓದತೊಡಗಿದವನು ನಡುವೆ ನಿಲ್ಲಿಸಿದ. ಅಪ್ಪ ತೋಟವನ್ನು ಅಡವಿಟ್ಟ ವಿಷಯ ನನಗಿಂತ ಮೊದಲು ಅರಸೀಕೆರೆಯವನಿಗೆ ಗೊತ್ತಾಯಿತು. ಉಳಿದ ಸಾಲುಗಳನ್ನು ಅವನು ಬಹಳ ಮೆಲ್ಲಗೆ, ಮೊದಲ ಬಾರಿಗೆ ಪ್ರತಿ ಪೂರ್ಣವಿರಾಮಕ್ಕೂ ನಿಂತು ಓದಿದ.

ಪರೀಕ್ಷೆಗೆ ಲಿಪಿಕಾರನಾಗಿ, ಅಂದರೆ ನಾನು ಹೇಳಿದ್ದನ್ನು ಬರೆಯಲು, ಪಿಯುಸಿ ಹುಡುಗನೊಬ್ಬ ಸಿಕ್ಕ. ಒಳ್ಳೆಯವನೇ, ಸಂಖ್ಯೆಗಳಿಗೂ ಅವನಿಗೂ ಮಾತ್ರ ಆಗದು. ಟಿಪ್ಪು ಮಡಿದ ವರ್ಷ 1799 ಎಂದು ಹೇಳಿದ್ದೆ. ಓದಿ ಹೇಳು ಎಂದರೆ 1979 ಎಂದ. ಆಗ ಹೆಚ್ಚುವರಿ ಸಮಯ ಎನ್ನುವುದು ಕೊಠಡಿ ಮೇಲ್ವಿಚಾರಕರ ಮನಸ್ಸನ್ನು ಅವಲಂಬಿಸಿತ್ತು. 2013ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದಿತ್ತು. ಈಗಿನ ವಿದ್ಯಾರ್ಥಿಗಳು ಅದನ್ನು ಬೇಡುವುದಿಲ್ಲ, ತೋರಿಸುತ್ತಾರೆ.

ಬಿಳಿ ಕೋಲಿನ ಬಗ್ಗೆ ಒಂದು ತಪ್ಪೊಪ್ಪಿಗೆ. ಮೈಸೂರಿನ ಗುರುಗಳು ಕೊಟ್ಟ ಮಡಚುವ ಕೋಲು ಒಂದು ವರ್ಷ ಚೀಲದಲ್ಲೇ ಇತ್ತು. ಮಲೆನಾಡಿನವನಲ್ಲವೇ, ಕೊಡೆ ಹಿಡಿದು ಅದರ ತುದಿಯಿಂದ ದಾರಿ ತಡವುತ್ತಿದ್ದೆ. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ಮಡಚಿದ ಕೊಡೆ ಕುಟ್ಟುತ್ತ ನಡೆಯುವವನನ್ನು ಊರಿನವರು ಏನೆಂದುಕೊಂಡರೋ. ಒಮ್ಮೆ ಸೈಕಲ್ ಸವಾರನೊಬ್ಬ ಕೊಡೆಗೆ ಸಿಕ್ಕಿ ಬಿದ್ದು, "ಕಣ್ಣು ಕಾಣುವುದಿಲ್ಲವೇ?" ಎಂದು ಕೂಗಿದ. ಕಾಣುವುದಿಲ್ಲ ಎಂದೆ. ಅವನು ನಂಬಲಿಲ್ಲ. ಮಾರನೆಯ ದಿನ ಕೋಲು ಹೊರಗೆ ಬಂತು.

ಪದವಿಯ ನಂತರ ಬಿ.ಇಡಿ. ಮಾಡಿ ಪ್ರೌಢಶಾಲೆಯಲ್ಲಿ ಇತಿಹಾಸದ ಮೇಷ್ಟ್ರಾದೆ. ನನ್ನ ಓದು ನಿಜವಾಗಿ ನನ್ನ ಕೈಗೆ ಬಂದದ್ದು ಕಂಪ್ಯೂಟರ್ ಬಂದ ಮೇಲೆ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳು ಮೊದಲೇ ಇದ್ದವು, ಆದರೆ ಬೆಲೆ ನನ್ನ ಸಂಬಳದ ಮುಂದೆ ಬೆಟ್ಟದಂತಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ಅಂಥದೇ ತಂತ್ರಾಂಶವನ್ನು ಬರೆಯತೊಡಗಿ ಉಚಿತವಾಗಿ ಹಂಚಿದ. ಅದರೊಳಗಿನ ಕನ್ನಡ ಧ್ವನಿ ಡಬ್ಬದೊಳಗಿನಿಂದ ಮಾತನಾಡಿದಂತಿದೆ. ನಾನು ವೇಗ ಹೆಚ್ಚಿಸಿಕೊಂಡು ಕೇಳುವಾಗ ನನ್ನ ಹೆಂಡತಿಗೆ ಅದು ಜೀರುಂಡೆಯ ಸದ್ದು. ಆದರೆ ಆ ಜೀರುಂಡೆ ಆಕಳಿಸುವುದಿಲ್ಲ, ನನ್ನ ಪತ್ರ ಓದಿ ಮರುಕಪಡುವುದಿಲ್ಲ. ಒಂದು ಕೀಲಿ ಒತ್ತಿದರೆ ಬೇಸರದ ಪುಟವನ್ನು ಬಿಟ್ಟು ಮುಂದಕ್ಕೆ ಹಾರುತ್ತದೆ. ಮೊದಲ ಸಲ ಹಾಗೆ ಹಾರಿದ ರಾತ್ರಿ ನಿದ್ದೆ ಬರಲಿಲ್ಲ.

ಪುಸ್ತಕಗಳ ದಾರಿಯೂ ತೆರೆಯಿತು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ಅಂಧರಿಗಾಗಿ ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಬದಲಾಯಿಸಲು ಪ್ರಕಾಶಕರ ಅನುಮತಿಗೆ ಕಾಯಬೇಕಿಲ್ಲ ಎಂದಾಯಿತು. 2016ರ ಆಗಸ್ಟ್‌ನಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಅದಕ್ಕೂ ಮೊದಲಿನಿಂದ ಧ್ವನಿ ಪುಸ್ತಕಗಳನ್ನು ಮಾಡಿ ಹಂಚುತ್ತ ಬಂದಿವೆ. ಹೊಸದಾಗಿ ದೃಷ್ಟಿ ಕಳೆದುಕೊಂಡವರ ಮನೆಯವರು ಫೋನ್ ಮಾಡಿದಾಗ ಇವನ್ನೆಲ್ಲ ಹೇಳುತ್ತೇನೆ. ಅವರು ಕೇಳುವುದು ಮಾತ್ರ ಯಾವ ಆಸ್ಪತ್ರೆಗೆ ಹೋಗಲಿ ಎಂದು.

ಇನ್ನು ಈ ಸಂಚಿಕೆಯ ವಿಷಯ. ಕಳೆದ ವರ್ಷದ ನಮ್ಮ ಕಾಲೇಜು ಪತ್ರಿಕೆಯ ಪಿಡಿಎಫ್ ಪ್ರತಿ ಮೊಬೈಲ್‌ಗೆ ಬಂದಾಗ ಸಂಭ್ರಮದಿಂದ ತೆರೆದೆ. ಯಂತ್ರ 'ಪಿ, ಪೌಂಡ್, ಕ್ಯೂ' ಎಂದು ಮಂತ್ರ ಹೇಳತೊಡಗಿತು. ಡಿಟಿಪಿಯ, ಅಂದರೆ ಕಂಪ್ಯೂಟರ್ ಅಕ್ಷರಜೋಡಣೆಯ, ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಗುರುತುಗಳ ಕುರ್ಚಿಯಲ್ಲಿ ಕೂತಿರುತ್ತವೆ. ಕಣ್ಣಿಗೆ 'ನ' ಕಂಡಲ್ಲಿ ಯಂತ್ರಕ್ಕೆ ಕಾಣುವುದು ಬ್ರಿಟಿಷರ ಪೌಂಡ್. 'ಕನ್ನಡ' ಎಂಬ ಪದವೇ ಪೌಂಡಿನ ಲೆಕ್ಕವಾಗಿತ್ತು. ಕೊನೆಗೆ ಅರಸೀಕೆರೆಯವನಿಗೆ ಫೋನ್ ಮಾಡಿದೆ. ಎರಡು ಭಾನುವಾರ ಕೂತು ಓದಿದ. ಪದ್ಯಗಳನ್ನೆಲ್ಲ ತಾನೇ ಹಾರಿಸಿದ. ಪ್ರತಿ ಲೇಖನದ ಮೊದಲು ಮೂರು ಸಲ ಮೇಜು ಕುಟ್ಟಿದ.

ಈ ಸಲ ಯಂತ್ರಕ್ಕೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಪ್ರತಿ ಕಳುಹಿಸಿ ಎಂದು ಸಂಪಾದಕರಿಗೆ ಬರೆದಿದ್ದೇನೆ, ಅವರು ಒಪ್ಪಿದ್ದಾರೆ. ಅರಸೀಕೆರೆಯವನಿಗೆ ಇದನ್ನು ಇನ್ನೂ ಹೇಳಿಲ್ಲ.